ಘಾಟಿ ಇಳಿಯುವವನಿಗೆ ಯಾವ ತಂತ್ರಜ್ಞಾನ ಬೇಕು?

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲದ ಕಾರನ್ನು ಮಳೆಗಾಲದಲ್ಲಿ ನಾನು ಇನ್ನು ಶಿರಾಡಿ ಘಾಟಿಗೆ ಇಳಿಸುವುದಿಲ್ಲ. ಗಾಡಿಯನ್ನು ರಸ್ತೆಯ ಗೆರೆಗಳ ನಡುವೆಯೇ ಹಿಡಿದಿಡುವ ಲೇನ್ ಕೀಪಿಂಗ್ ಇಲ್ಲದ ಕಾರನ್ನು ಮಾತ್ರ ಎಷ್ಟು ವರ್ಷ ಬೇಕಾದರೂ ಓಡಿಸುತ್ತೇನೆ. ಹೊಸ ಕಾರುಗಳಲ್ಲಿ ಬರುವ ಸಾಧನಗಳೆಲ್ಲ ನಿಜಕ್ಕೂ ಬೇಕೇ ಎಂದು ಕೇಳುವವರು ಬಹಳ ಮಂದಿ. ಎಲ್ಲವನ್ನೂ ಒಂದೇ ಗಂಟು ಕಟ್ಟಿ ಬೇಕು ಅಥವಾ ಬೇಡ ಎನ್ನಲು ನನಗೆ ಸಾಧ್ಯವಾಗಿಲ್ಲ.

ನಾನು ಹಾಸನದಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಮಂಗಳೂರು ವಿಮಾನ ನಿಲ್ದಾಣ ಒಂದು ಕಡೆ, ಬೆಂಗಳೂರು ಇನ್ನೊಂದು ಕಡೆ. ಹಿಂದೆ ಇದ್ದದ್ದು ಹಳೆಯ ಡೀಸೆಲ್ ಗಾಡಿ. ಪವರ್ ಸ್ಟೀರಿಂಗ್ ಬಿಟ್ಟರೆ ಚಾಲಕನ ನೆರವಿಗೆ ಅದರಲ್ಲಿ ಏನೂ ಇರಲಿಲ್ಲ. ಈಗಿನದರಲ್ಲಿ ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದೆ, ಮುಂಭಾಗದಲ್ಲಿ ರೇಡಾರ್ ಇದೆ, ಆರು ಏರ್‌ಬ್ಯಾಗ್‌ಗಳಿವೆ, ಎಬಿಎಸ್ ಇದೆ, ಗಾಡಿ ಜಾರಿದರೆ ಸರಿದಾರಿಗೆ ತರುವ ಇಎಸ್‌ಸಿ ಇದೆ. ಪ್ರಯಾಣಿಕರನ್ನು ಕೂರಿಸಿಕೊಂಡು ಓಡಾಡುವವನು ತನ್ನ ಗಾಡಿ ಯಾವ ಹೊತ್ತಿನಲ್ಲಿ ಏನು ಮಾಡುತ್ತದೆ ಎಂದು ತಿಳಿದಿರಲೇಬೇಕು. ಹಾಗಾಗಿ ಗಾಡಿ ಮನೆಗೆ ಬಂದ ಮೇಲೆ, ಬಾಡಿಗೆಗೆ ಬಿಡುವ ಮುನ್ನ, ಒಂದೊಂದನ್ನೂ ಪರೀಕ್ಷಿಸಿ ನೋಡಿದೆ.

ಹೆದ್ದಾರಿಯನ್ನು ನೇರ ಮಾಡಿದಾಗ ಬಿಟ್ಟುಹೋದ ಹಳೆಯ ರಸ್ತೆಯ ತುಂಡೊಂದು ನಮ್ಮ ಊರಿನ ಹೊರಗಿದೆ. ಅಲ್ಲಿ ಜನ, ದನ ಯಾವುದರ ಓಡಾಟವೂ ಇಲ್ಲ. ಮಳೆ ಬಂದು ನಿಂತ ಮೇಲೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಅವನೂ ಇದೇ ವೃತ್ತಿಗೆ ಬರಬೇಕೆಂದಿದ್ದಾನೆ. ಖಾಲಿ ರಟ್ಟಿನ ಡಬ್ಬಗಳನ್ನು ರಸ್ತೆಗೆ ಅಡ್ಡ ಇಟ್ಟು, ಎಡಗಡೆಯ ಚಕ್ರಗಳು ಕೆಸರಿನ ಅಂಚಿನಲ್ಲಿ, ಬಲಗಡೆಯವು ಡಾಂಬರಿನ ಮೇಲೆ ಇರುವಂತೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಬಂದು ಬ್ರೇಕನ್ನು ಪೂರ್ತಿ ಒತ್ತಿದೆ. ಕಾಲ ಕೆಳಗೆ ಪೆಡಲ್ ಗರಗರನೆ ನಡುಗಿತು. ಬಾನೆಟ್ ಕಡೆಯಿಂದ ಕಲ್ಲು ಉಜ್ಜಿದಂಥ ಸದ್ದು ಬಂತು. ಕಾರು ಮಾತ್ರ ನೇರವಾಗಿಯೇ ಇತ್ತು, ಸ್ಟೀರಿಂಗ್ ತಿರುಗಿಸಿದ ಕಡೆಗೆ ಹೋಗಿ ಡಬ್ಬಗಳ ಪಕ್ಕದಲ್ಲಿ ನಿಂತಿತು. ಎಬಿಎಸ್ ಇಲ್ಲದ ಗಾಡಿಯಲ್ಲಿ ಹೀಗೆ ಒತ್ತಿದರೆ ಚಕ್ರಗಳು ಬಿಗಿದುಕೊಳ್ಳುತ್ತವೆ, ಹಿಡಿತ ಹೆಚ್ಚಿರುವ ಡಾಂಬರಿನ ಕಡೆಗೆ ಗಾಡಿ ಗರ್ರನೆ ತಿರುಗಿಬಿಡುತ್ತದೆ. ಬಿಗಿದ ಚಕ್ರ ಎತ್ತ ತಿರುಗಿದ್ದರೂ ಗಾಡಿ ತಾನು ಹೋಗುತ್ತಿದ್ದ ದಿಕ್ಕಿಗೇ ಜಾರುತ್ತದೆ.

ಆಮೇಲೆ ಹುಡುಗನನ್ನು ಕೂರಿಸಿದೆ. ಪೆಡಲ್ ನಡುಗಿದ ಕೂಡಲೇ ಅವನು ಕಾಲು ಎತ್ತಿದ. "ಮಾವ, ಏನೋ ಮುರಿದುಹೋಯಿತು" ಎಂದ. ಬಹಳ ಮಂದಿ ಮಾಡುವುದು ಇದನ್ನೇ, ಅದೂ ನಿಜವಾದ ಅಪಾಯ ಎದುರಿಗೆ ಬಂದಾಗ. ಹಳೆಯ ಚಾಲಕರಿಗೆ ಇನ್ನೊಂದು ಅಭ್ಯಾಸವಿದೆ. ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಬೇಕು ಎಂದು ನಮಗೆಲ್ಲ ಗುರುಗಳು ಹೇಳಿಕೊಟ್ಟಿದ್ದರು. ಹಳೆಯ ಗಾಡಿಗೆ ಅದು ಸರಿಯಾದ ವಿದ್ಯೆ. ಎಬಿಎಸ್ ಆ ಕೆಲಸವನ್ನು ಒಂದು ಸೆಕೆಂಡಿನಲ್ಲಿ ಹತ್ತಾರು ಬಾರಿ, ಒಂದೊಂದು ಚಕ್ರಕ್ಕೂ ಬೇಕಾದಷ್ಟು ತಾನೇ ಮಾಡುತ್ತದೆ. ನಾವು ಕಾಲೆತ್ತಿದರೆ ಅದರ ಕೆಲಸವನ್ನು ನಾವೇ ಕೆಡಿಸಿದಂತೆ. ಒತ್ತು, ಒತ್ತಿಯೇ ಹಿಡಿ, ಕಣ್ಣು ಹೋಗಬೇಕಾದ ದಾರಿಯ ಮೇಲಿರಲಿ ಎಂದು ಹೇಳಿ, ಪೆಡಲ್ ನಡುಗಿದರೂ ಕಾಲು ಕದಲಿಸದ ಹಾಗಾಗುವವರೆಗೆ ಅವನಿಂದ ಮಾಡಿಸಿದೆ. ಸಡಿಲ ಜಲ್ಲಿಯ ಮೇಲೂ ಒಮ್ಮೆ ಮಾಡಿಸಿದೆ. ಅಲ್ಲಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ ಎಂಬುದು ಅವನಿಗೆ ಗೊತ್ತಿರಬೇಕಿತ್ತು. ಬಿಗಿದ ಚಕ್ರವಾದರೆ ತನ್ನ ಮುಂದೆ ಜಲ್ಲಿಯನ್ನು ರಾಶಿ ಹಾಕಿಕೊಂಡು ನಿಲ್ಲುತ್ತದೆ, ಎಬಿಎಸ್ ಆ ರಾಶಿಯಾಗಲು ಬಿಡುವುದಿಲ್ಲ. ರಸ್ತೆ ಕಾಮಗಾರಿ ನಡೆಯುವ ಕಡೆ ನಾನು ಇನ್ನಷ್ಟು ಅಂತರ ಬಿಡುವುದು ಇದೇ ಕಾರಣಕ್ಕೆ.

ಬಾಷ್ ಕಂಪನಿಯ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಮೊದಲು ಬಂದದ್ದು 1978ರಲ್ಲಿ. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೆ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ನಡುವಿನ ನಾಲ್ಕು ದಶಕ ನಾವು ಅದಿಲ್ಲದೆ ಘಾಟಿ ಇಳಿದೆವು, ಬದುಕಿಯೂ ಇದ್ದೇವೆ, ಹಾಗಾದರೆ ಅದೇಕೆ ಎಂದು ಸ್ಟ್ಯಾಂಡಿನಲ್ಲಿ ವಾದಿಸುವ ಗೆಳೆಯರಿದ್ದಾರೆ. ಆ ಮಾತು ಹೇಳಲು ಬದುಕಿ ಉಳಿದವರು ಮಾತ್ರ ಇದ್ದಾರೆ ಎಂಬುದನ್ನು ಅವರು ಯೋಚಿಸಬೇಕು.

ಇಎಸ್‌ಸಿ ಇದರ ಮುಂದಿನ ಹೆಜ್ಜೆ. ಸ್ಟೀರಿಂಗ್ ಎಷ್ಟು ತಿರುಗಿದೆ, ಗಾಡಿ ನಿಜವಾಗಿ ಎಷ್ಟು ತಿರುಗುತ್ತಿದೆ ಎಂಬ ಎರಡನ್ನೂ ಅದು ತಾಳೆ ನೋಡುತ್ತಿರುತ್ತದೆ. ಮುಂಭಾಗ ತಿರುವಿನಿಂದ ಹೊರಗೆ ಜಾರುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ, ಹಿಂಭಾಗ ಬೀಸುತ್ತಿದ್ದರೆ ಹೊರಬದಿಯ ಮುಂದಿನ ಚಕ್ರಕ್ಕೆ ಬ್ರೇಕ್ ಹಾಕಿ ಸರಿದಾರಿಗೆ ಎಳೆಯುತ್ತದೆ. ಒಂದೇ ಚಕ್ರಕ್ಕೆ ಬ್ರೇಕ್ ಹಾಕಬಲ್ಲ ಚಾಲಕ ಈ ಭೂಮಿಯ ಮೇಲಿಲ್ಲ, ನಮಗಿರುವುದು ಒಂದೇ ಪೆಡಲ್. 1997ರಲ್ಲಿ ಸ್ವೀಡನ್ನಿನ ವಾಹನ ಪತ್ರಿಕೆಯೊಂದು ರಸ್ತೆಗೆ ಮೂಸ್ ಎಂಬ ದೊಡ್ಡ ಜಿಂಕೆ ಅಡ್ಡ ಬಂದರೆ ತಪ್ಪಿಸುವ ಪರೀಕ್ಷೆ ನಡೆಸಿದಾಗ ಮರ್ಸಿಡಿಸ್‌ನ ಹೊಸ ಎ-ಕ್ಲಾಸ್ ಕಾರು ಮಗುಚಿ ಬಿತ್ತು. ಆಮೇಲೆ ಕಂಪನಿ ಆ ಮಾದರಿಯ ಎಲ್ಲ ಕಾರುಗಳಿಗೂ ಇಎಸ್‌ಸಿಯನ್ನು ಅಳವಡಿಸಿತು. ನಮ್ಮ ಹೆದ್ದಾರಿಯಲ್ಲಿ ಅಡ್ಡ ಬರುವುದು ದನ, ನಾಯಿ, ವಿಭಜಕದ ಸಂದಿಯಿಂದ ನುಗ್ಗುವ ಬೈಕು. ಗಕ್ಕನೆ ಎಡಕ್ಕೆ, ಮರುಕ್ಷಣವೇ ಬಲಕ್ಕೆ ಸ್ಟೀರಿಂಗ್ ಎಳೆಯುವ ಪ್ರಸಂಗ ಸ್ವೀಡನ್ನಿಗಿಂತ ಇಲ್ಲಿಯೇ ಹೆಚ್ಚು. ಒಮ್ಮೆ ಶಿರಾಡಿಯಲ್ಲಿ ಮಾರನಹಳ್ಳಿ ದಾಟಿ ಗುಂಡ್ಯದ ಕಡೆ ಇಳಿಯುವಾಗ, ಒದ್ದೆ ಕಾಂಕ್ರೀಟಿನ ತಿರುವೊಂದರಲ್ಲಿ ಲಾರಿಯಿಂದ ಸೋರಿದ ಎಣ್ಣೆಯ ಮೇಲೆ ಹಿಂದಿನ ಚಕ್ರ ಜಾರಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗಿತು, ಗಾಡಿ ಒಮ್ಮೆ ಅಲುಗಿ ತನ್ನ ಸಾಲಿಗೆ ಬಂತು. ಹಿಂದೆ ಕೂತಿದ್ದ ಕುಟುಂಬಕ್ಕೆ ಗೊತ್ತೇ ಆಗಲಿಲ್ಲ.

ಆದರೆ ಎಬಿಎಸ್, ಇಎಸ್‌ಸಿ ಎರಡೂ ಕೆಲಸ ಮಾಡುವುದು ಟೈರಿನ ಮೂಲಕ. ನೆಲ ಮುಟ್ಟುವ ಭಾಗ ಒಂದೊಂದು ಚಕ್ರಕ್ಕೂ ಒಂದು ಅಂಗೈಯಷ್ಟು. ಅಲ್ಲಿ ಹಿಡಿತವಿಲ್ಲದಿದ್ದರೆ ಕಂಪ್ಯೂಟರ್ ಏನು ಮಾಡೀತು? ಕಾನೂನಿನ ಪ್ರಕಾರ ಕಾರಿನ ಟೈರಿನ ಕಚ್ಚಿನ ಆಳ 1.6 ಮಿಲಿಮೀಟರ್‌ಗೆ ಇಳಿಯುವವರೆಗೆ ಸವೆಯಬಹುದು. ನಾನು ಅಲ್ಲಿಯವರೆಗೆ ಕಾಯುವುದಿಲ್ಲ, 3 ಮಿಲಿಮೀಟರ್‌ಗೆ ಬಂದರೆ ಮಳೆಗಾಲಕ್ಕೆ ಮೊದಲೇ ಬದಲಿಸುತ್ತೇನೆ.

ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ವಿಷಯದಲ್ಲಿ ಚರ್ಚೆಗೆ ಜಾಗವೇ ಇಲ್ಲ. ಮೂರು ಕಡೆ ಹಿಡಿಯುವ ಬೆಲ್ಟನ್ನು ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ 1959ರಲ್ಲಿ ತಂದರು, ಕಂಪನಿ ಅದನ್ನು ಎಲ್ಲ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. ಏರ್‌ಬ್ಯಾಗ್ ಇರುವುದೇ ಬೆಲ್ಟ್ ಹಾಕಿದವನಿಗಾಗಿ. ಬೆಲ್ಟ್ ಇಲ್ಲದೆ ಮುಂದಕ್ಕೆ ಎಸೆಯಲ್ಪಟ್ಟವನಿಗೆ ಸ್ಫೋಟದ ವೇಗದಲ್ಲಿ ಉಬ್ಬುವ ಚೀಲವೇ ಪೆಟ್ಟು ಕೊಡುತ್ತದೆ. ಅಲಾರಂ ಬಾಯಿ ಮುಚ್ಚಿಸಲು ಖಾಲಿ ಕ್ಲಿಪ್ ಸಿಕ್ಕಿಸುವ ಚಟ ನಮ್ಮಲ್ಲಿ ಎಷ್ಟಿತ್ತೆಂದರೆ, 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೇ ಆನ್‌ಲೈನ್ ಮಾರಾಟ ತಾಣಗಳಿಗೆ ಅಂಥ ಕ್ಲಿಪ್‌ಗಳನ್ನು ತೆಗೆದುಹಾಕುವಂತೆ ಆದೇಶಿಸಬೇಕಾಯಿತು. ನನ್ನ ಕಾರಿನಲ್ಲಿ ಹಿಂದೆ ಕೂತವರೂ ಬೆಲ್ಟ್ ಹಾಕಿದ ಮೇಲೆಯೇ ಗಾಡಿ ಹೊರಡುತ್ತದೆ. "ಅಜ್ಜಿ, ಸ್ವಲ್ಪ ಹೊತ್ತಿನಲ್ಲಿ ಅಭ್ಯಾಸವಾಗುತ್ತದೆ" ಎಂದು ನಾನೇ ಬಾಗಿಲು ತೆರೆದು ಹಾಕಿಕೊಟ್ಟದ್ದೂ ಉಂಟು. ಸೀಟ್ ಕವರ್ ಹೊಲಿಸುವವರು ಇನ್ನೊಂದನ್ನು ಗಮನಿಸಬೇಕು. ಮುಂದಿನ ಸೀಟಿನ ಪಕ್ಕದಿಂದ ಹೊರಬರುವ ಏರ್‌ಬ್ಯಾಗ್ ಇದ್ದರೆ ಆ ಹೊಲಿಗೆಯ ಜಾಗದಲ್ಲಿ ಕವರ್ ಬಿಚ್ಚಿಕೊಳ್ಳುವಂತಿರಬೇಕು. ಅಂಗಡಿಯಲ್ಲಿ ದಪ್ಪ ರೆಕ್ಸಿನ್ ಸುತ್ತಿ ಬಿಗಿದುಬಿಡುತ್ತಾರೆ. ನಾನು ಕವರ್ ಹಾಕಿಸಲೇ ಇಲ್ಲ.

ಹಿಂದಿನ ಕ್ಯಾಮೆರಾ ಬೇಕು. ಮನೆಯಂಗಳದಲ್ಲಿ ಮಕ್ಕಳಿರುವ ಯಾರಿಗೂ ಇದನ್ನು ವಿವರಿಸಬೇಕಿಲ್ಲ.

ಈಗ ರೇಡಾರ್, ಕ್ಯಾಮೆರಾಗಳ ಮಾತು, ಎಲ್ಲರೂ ಅಡಾಸ್ ಎನ್ನುವ ಭಾಗ, ಅಂದರೆ ರಸ್ತೆಯನ್ನು ನೋಡಿ ಚಾಲಕನಿಗೆ ನೆರವಾಗುವ ಸಾಧನಗಳು. ಇದನ್ನು ಪರೀಕ್ಷಿಸಲು ನಾನು ಆರಿಸಿದ್ದು ಮೊದಲು ಬೆಂಗಳೂರು-ಮೈಸೂರು ಹೆದ್ದಾರಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಬಿಳಿ ಗೆರೆಗಳು ಸ್ಪಷ್ಟವಾಗಿವೆ. ಹೊಂದಿಸಿದ ವೇಗದಲ್ಲಿ ಗಾಡಿಯನ್ನು ತಾನೇ ಓಡಿಸುತ್ತ ಮುಂದಿನ ವಾಹನಕ್ಕೆ ಅಂತರ ಕಾಯುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಅಲ್ಲಿ ಚೆನ್ನಾಗಿಯೇ ನಡೆಯಿತು, ಮುಂದಿನ ಕಾರು ನಿಧಾನಿಸಿದರೆ ತಾನೂ ನಿಧಾನಿಸಿತು. ಪಾದಕ್ಕೆ ವಿಶ್ರಾಂತಿ ಸಿಕ್ಕಿದ್ದು ನಿಜ.

ಅದೇ ಸಾಧನವನ್ನು ನೆಲಮಂಗಲದಿಂದ ಹಾಸನದ ರಸ್ತೆಗೆ ತಂದೆ. ಮುಂದಿನ ವಾಹನಕ್ಕೆ ಅದು ಬಿಡುವ ಅಂತರ ನಮ್ಮವರ ಕಣ್ಣಿಗೆ ಖಾಲಿ ಜಾಗ. ಒಬ್ಬರು ನುಗ್ಗುತ್ತಾರೆ, ಗಾಡಿ ಬ್ರೇಕ್ ಹಾಕುತ್ತದೆ, ಮತ್ತೆ ಅಂತರ ಬಿಡುತ್ತದೆ, ಇನ್ನೊಬ್ಬರು ನುಗ್ಗುತ್ತಾರೆ. ಹಿಂದೆ ಬಾಲಕ್ಕೆ ಅಂಟಿಕೊಂಡು ಬರುವ ಬಸ್ಸಿನವನಿಗೆ ನನ್ನ ಗಾಡಿ ಯಾಕೆ ಪದೇ ಪದೇ ಬ್ರೇಕ್ ಹಾಕುತ್ತಿದೆ ಎಂದು ತಿಳಿಯುವುದಾದರೂ ಹೇಗೆ? ನಾನೇ ಓಡಿಸುವಾಗ ಕನ್ನಡಿಯಲ್ಲಿ ಆ ಬಸ್ಸನ್ನು ನೋಡಿ ಬ್ರೇಕಿನ ಬಿರುಸನ್ನು ತೂಗುತ್ತೇನೆ. ಮುಂದಕ್ಕೆ ಮಾತ್ರ ನೋಡುವ ರೇಡಾರಿಗೆ ಆ ಲೆಕ್ಕವಿಲ್ಲ.

ಇನ್ನೂ ಗಂಭೀರವಾದದ್ದು ನಿಂತ ವಾಹನದ ಪ್ರಶ್ನೆ. ವೇಗದಲ್ಲಿರುವಾಗ ಮುಂದೆ ನಿಂತೇ ಇರುವ ವಾಹನವನ್ನು ಕ್ರೂಸ್ ಕಂಟ್ರೋಲ್ ಗುರುತಿಸದೆ ಹೋಗಬಹುದು ಎಂದು ಕಾರಿನ ಕೈಪಿಡಿಯಲ್ಲೇ ಮುದ್ರಿಸಿದ್ದಾರೆ. ರಸ್ತೆ ಬದಿಯ ಫಲಕ, ಸೇತುವೆಯ ಕಂಬಿ ಎಲ್ಲಕ್ಕೂ ಬ್ರೇಕ್ ಹಾಕಿದರೆ ಗಾಡಿ ಮುಂದೆ ಹೋಗುವುದೇ ಇಲ್ಲ. ಆದ್ದರಿಂದ ಚಲಿಸದ ವಸ್ತುಗಳಿಂದ ಬರುವ ಸೂಚನೆಯನ್ನು ರೇಡಾರ್ ಬಹುಮಟ್ಟಿಗೆ ಪಕ್ಕಕ್ಕಿಡುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಚನ್ನರಾಯಪಟ್ಟಣದ ಆಸುಪಾಸಿನಲ್ಲಿ ರಾತ್ರಿ ಓಡಿಸಿದವರಿಗೆ ಹಿಂದೀಪವಿಲ್ಲದೆ, ಪ್ರತಿಫಲಕವಿಲ್ಲದೆ ಅಂಚಿನಲ್ಲಿ ನಿಂತ ಟ್ರೇಲರ್ ಎಂದರೆ ಏನೆಂದು ಗೊತ್ತು. ಎಂಬತ್ತು ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 22 ಮೀಟರ್. ಯಂತ್ರ ನೋಡಿಕೊಳ್ಳುತ್ತದೆ ಎಂದು ಮೂರು ಸೆಕೆಂಡು ಮೊಬೈಲ್ ನೋಡಿದವನು 66 ಮೀಟರ್ ಕುರುಡಾಗಿ ಹೋಗಿರುತ್ತಾನೆ. ಕತ್ತಲಾದ ಮೇಲೆ ನಾನು ಕ್ರೂಸ್ ಕಂಟ್ರೋಲ್ ಮುಟ್ಟುವುದಿಲ್ಲ.

ಘಾಟಿಯಲ್ಲಂತೂ ಹಗಲಿನಲ್ಲೂ ಇಲ್ಲ. ಇಳಿಜಾರಿನಲ್ಲಿ ವೇಗ ಹಿಡಿದಿಡಲು ಅದು ಬ್ರೇಕನ್ನು ಬಳಸುತ್ತದೆ. ಹತ್ತಾರು ತಿರುವುಗಳುದ್ದಕ್ಕೂ ಹೀಗೆ ಉಜ್ಜುತ್ತಲೇ ಇದ್ದರೆ ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಹಿಡಿಯುವುದಿಲ್ಲ. ಎಬಿಎಸ್, ಇಎಸ್‌ಸಿ, ಮುಂದೆ ಅಪಾಯ ಕಂಡರೆ ಗಾಡಿ ತಾನೇ ಹಾಕುವ ತುರ್ತು ಬ್ರೇಕ್ ಯಾವುದೂ ಕಾದ ಬ್ರೇಕಿಗೆ ಮದ್ದಲ್ಲ, ಅವೆಲ್ಲ ಅದೇ ಬ್ರೇಕನ್ನೇ ನಂಬಿರುವಂಥವು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಪಾಠಕ್ಕೆ ಬದಲಿ ಇನ್ನೂ ಬಂದಿಲ್ಲ. ಆಟೋಮ್ಯಾಟಿಕ್ ಕಾರಿನವರು ಗೇರನ್ನು ಡಿಯಲ್ಲೇ ಬಿಟ್ಟು ಬ್ರೇಕ್ ಒತ್ತುತ್ತಾ ಇಳಿಯುವುದನ್ನು ಕಂಡಾಗ ನನಗೆ ಭಯವಾಗುತ್ತದೆ. ಮ್ಯಾನುಯಲ್ ಸ್ಥಾನಕ್ಕೆ ತಂದು ಎರಡನೇ ಗೇರಿನಲ್ಲಿ ಇಳಿಸಿ ಎಂದು ಗುಂಡ್ಯದ ಹೋಟೆಲ್ ಮುಂದೆ ಹೊಗೆಯಾಡುವ ಚಕ್ರ ನೋಡುತ್ತ ನಿಂತವರಿಗೆ ಹೇಳಿದ್ದೇನೆ.

ಲೇನ್ ಕೀಪಿಂಗ್ ಅನ್ನು ಆಫ್ ಮಾಡಿಟ್ಟಿದ್ದೇನೆ. ಗೆರೆಯೇ ಇಲ್ಲದ ಕಡೆ ಅದಕ್ಕೆ ಕೆಲಸವಿಲ್ಲ. ಗೆರೆ ಇರುವ ಕಡೆ ಗುಂಡಿ ತಪ್ಪಿಸಲು ನಾನು ಪಕ್ಕಕ್ಕೆ ಸರಿದರೆ ಅದು ಸ್ಟೀರಿಂಗನ್ನು ಮತ್ತೆ ಗುಂಡಿಯ ಕಡೆಗೇ ಎಳೆಯುತ್ತದೆ. ಇಂಡಿಕೇಟರ್ ಹಾಕಿದರೆ ಎಳೆಯುವುದಿಲ್ಲ, ಆದರೆ ಪ್ರತಿ ಗುಂಡಿಗೂ ಇಂಡಿಕೇಟರ್ ಹಾಕಿದರೆ ಹಿಂದಿನವನು ಗೊಂದಲಕ್ಕೆ ಬೀಳುತ್ತಾನೆ. ಚಾರ್ಮಾಡಿಯ ಮಂಜಿನಲ್ಲಿ ಕ್ಯಾಮೆರಾ ಕಾಣುತ್ತಿಲ್ಲ ಎಂಬ ಸಂದೇಶ ಕೊಟ್ಟು ತಾನಾಗಿಯೇ ಹಿಂದೆ ಸರಿಯುತ್ತದೆ. ಅದನ್ನು ನಾನು ಮೆಚ್ಚುತ್ತೇನೆ, ಕಾಣದಿದ್ದಾಗ ಕಾಣುತ್ತಿಲ್ಲ ಎನ್ನುವುದು ದೊಡ್ಡ ಗುಣ. ತುರ್ತು ಬ್ರೇಕನ್ನು ಮಾತ್ರ ಯಾವಾಗಲೂ ಚಾಲೂ ಇಟ್ಟಿದ್ದೇನೆ. ಎಚ್ಚರಿಕೆ ಬೇಗ ಬರುವಂತೆ, ಅಂದರೆ ದೂರದಿಂದಲೇ ಸದ್ದು ಮಾಡುವಂತೆ ಹೊಂದಿಸಿದ್ದೇನೆ. ಪಕ್ಕದಿಂದ ಬೈಕು ನುಸುಳಿದಾಗ ಸುಮ್ಮನೆ ಕೂಗುವುದುಂಟು. ನಾನು ನೋಡದೆ ಹೋದ ಒಂದೇ ಒಂದು ಕ್ಷಣದಲ್ಲಿ ಅದು ನೋಡಿದರೂ ಸಾಕು, ಉಳಿದ ಕೂಗನ್ನೆಲ್ಲ ಸಹಿಸುತ್ತೇನೆ.

ಖರ್ಚನ್ನೂ ಹೇಳಬೇಕು. ಲಾರಿಯ ಚಕ್ರದಿಂದ ಸಿಡಿದ ಕಲ್ಲಿಗೆ ಮುಂದಿನ ಗಾಜು ಬಿರುಕು ಬಿಟ್ಟಿತು. ಹಳೆಯ ಗಾಡಿಯಾಗಿದ್ದರೆ ಊರಿನ ಗಾಜಿನ ಅಂಗಡಿಯಲ್ಲೇ ಮುಗಿಯುತ್ತಿತ್ತು. ಇದರಲ್ಲಿ ಗಾಜು ಬದಲಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು, ಅದಕ್ಕೆ ಬೇಕಾದ ಸಲಕರಣೆ ಎಲ್ಲ ಸರ್ವಿಸ್ ಸೆಂಟರ್‌ಗಳಲ್ಲೂ ಇರುವುದಿಲ್ಲ. ಗಾಡಿ ನಿಂತಷ್ಟು ದಿನ ಬಾಡಿಗೆಯೂ ಇಲ್ಲ. ಆಯುಧಪೂಜೆಯ ದಿನ ಮುಂಭಾಗಕ್ಕೆ ದಪ್ಪನೆಯ ಚೆಂಡುಹೂವಿನ ಹಾರ ಕಟ್ಟಿ ಹೊರಟಾಗ ಪರದೆಯ ಮೇಲೆ ರೇಡಾರ್ ಮುಚ್ಚಿದೆ ಎಂಬ ಸೂಚನೆ ಬಂತು. ಹಾರವನ್ನು ಬಾನೆಟ್ಟಿನ ಮೇಲಕ್ಕೆ ಸರಿಸಿ ಕಟ್ಟಿದೆ. ಈಗ ಪ್ರತಿ ವರ್ಷ ಹಾಗೆಯೇ ಕಟ್ಟುತ್ತೇನೆ, ಗಂಧ ಕುಂಕುಮವನ್ನೂ ಕ್ಯಾಮೆರಾದ ಎದುರಿನ ಗಾಜು ಬಿಟ್ಟು ಹಚ್ಚುತ್ತೇನೆ.

ಅಕ್ಕನ ಮಗ ಈಗ ಸ್ವಂತ ಗಾಡಿ ತೆಗೆದುಕೊಳ್ಳುವ ತಯಾರಿಯಲ್ಲಿದ್ದಾನೆ. ಅವನ ಕಣ್ಣು ರೇಡಾರ್ ಇರುವ ಮೇಲಿನ ವೇರಿಯಂಟ್ ಮೇಲಿತ್ತು, ಸಾಲದ ಕಂತು ಕೈಗೆ ಮೀರುತ್ತಿತ್ತು. ಇಎಸ್‌ಸಿ, ಆರು ಏರ್‌ಬ್ಯಾಗ್, ಹಿಂದಿನ ಕ್ಯಾಮೆರಾ ಇರುವ ಮಧ್ಯದ ವೇರಿಯಂಟ್ ತೆಗೆದುಕೋ, ಉಳಿದ ಹಣದಲ್ಲಿ ಎರಡು ಬಾರಿ ಒಳ್ಳೆಯ ಟೈರ್ ಹಾಕಿಸಬಹುದು ಎಂದು ಹೇಳಿದೆ. ಲೆಕ್ಕ ಹಾಕಿ ನೋಡಿ ಒಪ್ಪಿದ್ದಾನೆ. ಗಾಡಿ ಬಂದ ಮೇಲೆ ಮೊದಲ ಮಳೆಗೆ ಅದೇ ಹಳೆಯ ರಸ್ತೆಯ ತುಂಡಿಗೆ ಕರೆದುಕೊಂಡು ಹೋಗಿ, ಅವನ ಗಾಡಿಯ ಬ್ರೇಕನ್ನು ಅವನಿಂದಲೇ ಪೂರ್ತಿ ಒತ್ತಿಸಿ ನೋಡಬೇಕು.