ಮಡಿಕೇರಿಗೆ ಹೊಸದಾಗಿ ಬಂದವರೇ, ಪುಟ್ಟ ನಾಯಿ ತರುವ ಮುಂಚೆ

ಮೇ ತಿಂಗಳು ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. "ಟೀಚರೇ, ವರ್ಗ ಆಗಿ ಮಡಿಕೇರಿಗೆ ಬರ್ತಿದ್ದೀವಿ, ಎಲ್ಲಾದ್ರೂ ಬಾಡಿಗೆ ಮನೆ ಇದ್ಯಾ?" ಮೂರು ತಿಂಗಳಾದ ಮೇಲೆ ಅದೇ ಜನ ಮತ್ತೆ ಮಾಡುತ್ತಾರೆ. "ಟೀಚರೇ, ಮಕ್ಕಳು ನಾಯಿ ಬೇಕು ಅಂತ ಹಟ ಹಿಡಿದಿದ್ದಾರೆ. ದೊಡ್ಡದೇನು ಬೇಡ, ಪುಟ್ಟದೊಂದು ಸಾಕು." ಮನೆಯ ವಿಷಯ ಎರಡು ನಿಮಿಷದ ಮಾತು. ನಾಯಿಯ ವಿಷಯಕ್ಕೆ ಅರ್ಧ ಗಂಟೆಯಾದರೂ ಬೇಕು. ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಇಡುತ್ತಿದ್ದೇನೆ.

ನಾನು 2002ರಲ್ಲಿ ಚಳ್ಳಕೆರೆಯಿಂದ ಇಲ್ಲಿಗೆ ಬಂದವಳು. ಪಾಸ್‌ಪೋರ್ಟ್ ಒಂದು ಬೇಕಾಗಲಿಲ್ಲ, ಮಿಕ್ಕಂತೆ ನನಗೆ ಇದು ಪರದೇಶವೇ. ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ಹಾಲಿನವರ ಮನೆಯಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ. ನನ್ನ ಜೊತೆ ಮಾತ್ರ ಎಲ್ಲರೂ ಕನ್ನಡ. ನನ್ನ ಕನ್ನಡ ಕೇಳಿ ಕ್ಲಾಸಿನ ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ನಮ್ಮೂರಲ್ಲಿ ಒಂದು ಮಳೆ ಬಂದರೆ ಹಬ್ಬ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ. ಮೊದಲ ಜುಲೈಯಲ್ಲಿ ಚಪ್ಪಲಿಗೂ ಬೂಸ್ಟು, ಉಪ್ಪಿನಕಾಯಿಗೂ ಬೂಸ್ಟು, ಮನಸ್ಸಿಗೂ ಬೂಸ್ಟು.

ನಾಯಿ ವಿಷಯದಲ್ಲಿ ನಿಮ್ಮದೂ ನಮ್ಮದೂ ಒಂದೇ ಅಭ್ಯಾಸ ಅಲ್ವಾ? ನಾಯಿ ಅಂದರೆ ಹೊರಗಿನದು. ಕಣದಲ್ಲಿ ಮಲಗುತ್ತದೆ, ಮಿಕ್ಕ ಮುದ್ದೆ ತಿನ್ನುತ್ತದೆ, ಕರಿಯ ಅಂದರೆ ಓಡಿಬರುತ್ತದೆ. ಅದಕ್ಕೊಂದು ಅರ್ಜಿ ತುಂಬಬೇಕು, ಯಾರೋ ಬಂದು ನಮ್ಮ ಮನೆ ನೋಡಿ ಒಪ್ಪಬೇಕು ಅಂದಾಗ ನಮ್ಮನೆಯವರು, "ಹೆಣ್ಣು ಕೊಡೋಕೆ ಬರ್ತಿದ್ದಾರಾ?" ಎಂದು ನಕ್ಕಿದ್ದರು. ಆಮೇಲೆ ಗೊತ್ತಾಯಿತು, ಹೆಚ್ಚುಕಮ್ಮಿ ಹಾಗೇನೇ.

2017ರಲ್ಲಿ ಮಗಳು ಏಳನೇ ಕ್ಲಾಸು. ಬೆಂಗಳೂರಿನ ಒಂದು ಪ್ರಾಣಿ ರಕ್ಷಣಾ ತಂಡದವರು ಒಂದು ನಾಯಿಯ ಫೋಟೋ ಕಳಿಸಿದರು. ಬಿಳಿ ಬಣ್ಣ, ಹೆಣ್ಣು, ಸುಮಾರು ಮೂರು ವರ್ಷ. ಮನೆ ಖಾಲಿ ಮಾಡಿದವರು ಗೇಟಿಗೆ ಕಟ್ಟಿ ಹೋಗಿದ್ದರಂತೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಆದರೂ ಬಿಡುತ್ತಾರೆ. ಪರೀಕ್ಷೆ ಬಂತು, ವರ್ಗ ಆಯ್ತು, ಮಗು ಹುಟ್ಟಿತು, ಏನೋ ಒಂದು. ನಾವು ಪಾಮೇರಿಯನ್ ಎಂದೇ ಕರೆದೆವು, ನೀವೂ ಹಾಗೇ ಕರೆಯುತ್ತೀರಿ. ನಿಜವಾದ ಪಾಮೇರಿಯನ್ ಮೂರು ಕಿಲೋ ದಾಟುವುದೇ ಕಷ್ಟ. ನಮ್ಮ ಬೀದಿಗಳಲ್ಲಿ ಕಾಣುವ ಆರೇಳು ಕಿಲೋದ್ದು ಬಹುಪಾಲು ಇಂಡಿಯನ್ ಸ್ಪಿಟ್ಜ್.

ಕಾಗದಪತ್ರ ಸುಲಭ: ಅರ್ಜಿ, ಆಧಾರ್ ನಕಲು, ವಿಡಿಯೋ ಕಾಲಿನಲ್ಲಿ ಮನೆ ತೋರಿಸುವುದು, ಮಾರಲ್ಲ ಮರಿ ಹಾಕಿಸಲ್ಲ ಎಂಬ ಒಪ್ಪಂದಕ್ಕೆ ಸಹಿ, ಲಸಿಕೆ ಪುಸ್ತಕ ಕೇಳಿ ಪಡೆಯುವುದು. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬಾಯಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ.

ಈಗ ನನ್ನ ತಪ್ಪುಗಳಿಗೆ ಬರೋಣ. ಅವು ಬೇಕಾದಷ್ಟಿವೆ.

ತಂದದ್ದು ಜುಲೈಯಲ್ಲಿ. ಇದಕ್ಕಿಂತ ದೊಡ್ಡ ದಡ್ಡತನ ಇಲ್ಲ. ಅಕ್ಟೋಬರ್ ಕಳೆದ ಮೇಲೆ ತನ್ನಿ. ಹೊರಡುವ ಮುಂಚೆ ಪಾಪ ಹಸಿದಿರುತ್ತದೆ ಅಂತ ಹಾಲು ಬಿಸ್ಕತ್ತು ಕೊಟ್ಟೆ. ಸುಂಟಿಕೊಪ್ಪ ದಾಟಿ ತಿರುವು ಶುರುವಾಗಿದ್ದೇ ತಡ, ಅಷ್ಟೂ ನನ್ನ ಸೀರೆ ಮೇಲೆ. ಪ್ರಯಾಣಕ್ಕೆ ಮೂರ್ನಾಲ್ಕು ಗಂಟೆ ಮುಂಚೆಯೇ ಊಟ ನಿಲ್ಲಿಸಿ, ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡಿ.

ಮನೆಗೆ ಬಂದ ದಿನ ಬೀದಿಯವರನ್ನೆಲ್ಲ ಕರೆದೆ. ನಾಮಕರಣದ ಥರ. ಚಿಕ್ಕಿ ಅಂತ ಹೆಸರಿಟ್ಟೆವು. ಹತ್ತು ಜನ ಎತ್ತಿ ಮುದ್ದಾಡಿದರು. ಹನ್ನೊಂದನೆಯವಳು ನಾನು, ನನ್ನ ಹೆಬ್ಬೆರಳಿಗೆ ಹಲ್ಲು ಊರಿದಳು. ಮೇಲೆ ಅರಿಶಿನ ಒತ್ತಿಕೊಂಡು ಸುಮ್ನೆ ಕೂತೆ, ಅದು ಇನ್ನೊಂದು ತಪ್ಪು. ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಏನೂ ಬೇಡ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಮನೆಯ ನಾಯಿ ತಾನೇ ಅನ್ನಬೇಡಿ. ಮನೆಯದಾಗಿ ಅದಕ್ಕೆ ಆರು ಗಂಟೆ ಆಗಿತ್ತು, ಅಷ್ಟೇ.

ನಾಯಿ ಸಾಕಿದವರು ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಹೊಸ ಜಾಗದ ಅಂದಾಜು, ಮೂರು ತಿಂಗಳಿಗೆ ಅದೇ ತನ್ನ ಮನೆ. ನಮ್ಮ ಚಿಕ್ಕಿಗೆ ಈ ಲೆಕ್ಕ ಹಿಡಿಸಲಿಲ್ಲ. ಎರಡು ತಿಂಗಳು ಮಂಚದ ಕೆಳಗೇ. ಬಾ ಅಂದರೆ ಬರಲ್ಲ, ಕೂತ್ಕೋ ಅಂದರೆ ನನ್ನ ಮುಖ ನೋಡುತ್ತಾಳೆ. ಕಿವುಡಿರಬೇಕು ಎಂದು ನಮ್ಮನೆಯವರು ತೀರ್ಮಾನ ಮಾಡಿದರು. ಒಂದು ಬೆಳಿಗ್ಗೆ ಮೀನಿನವರು ಸ್ಕೂಟರ್ ಹಾರ್ನ್ ಹೊಡೆಯುತ್ತಾ ಬಂದರು. ನಾನು ಮತ್ತಿ ಮೀನಿನ ಚೌಕಾಸಿಯಲ್ಲಿದ್ದೆ. ಅವರು ತೆರೆದ ಬಾಗಿಲಿನಿಂದ ಒಳಗೆ ಇಣುಕಿ, ಅಲ್ಲಿ ಹೊಳೆಯುವ ಎರಡು ಕಣ್ಣು ನೋಡಿ, ಮಲಯಾಳದಲ್ಲಿ "ಇವಿಡೆ ವಾ ಮೋಳೇ" ಅಂದರು, ಇಲ್ಲಿ ಬಾ ಮಗಳೇ ಅಂತ. ಚಿಕ್ಕಿ ಬಾಣದ ಹಾಗೆ ಬಂದಳು. ಅವರ ಕಾಲ ಬಳಿ ಕೂತು ಬಾಲದಿಂದ ಮೆಟ್ಟಿಲು ಗುಡಿಸಿದಳು.

ಎರಡು ತಿಂಗಳು ಆ ಜೀವಕ್ಕೆ ನಾನು ಅರ್ಥವಾಗದ ಭಾಷೆಯಲ್ಲಿ ಮಾತಾಡಿದ್ದೆ. ಮೊದಲ ವರ್ಷ ಈ ಊರಿನ ಬಸ್ ಸ್ಟ್ಯಾಂಡಿನಲ್ಲಿ ನಾನು ನಿಂತಿದ್ದು ನೆನಪಾಗಿ ಹೊಟ್ಟೆ ಚುರುಕ್ಕೆಂದಿತು. ಹಾಗಾಗಿ ನಾಯಿ ಕೊಡುವವರನ್ನು ಜಾತಿ, ಬಣ್ಣ, ವಯಸ್ಸು ಕೇಳುವ ಮೊದಲು ಇದನ್ನು ಕೇಳಿ: ಹಿಂದಿನ ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು?

ಇನ್ನು ಕೂದಲು. ಮಳೆಯಲ್ಲಿ ಬಿಳಿ ಉಣ್ಣೆಯ ಉಂಡೆ ಎಂದೂ ಒಣಗುವುದಿಲ್ಲ. ವಾಸನೆ ತಡೆಯಲಾರದೆ ಕ್ಷೌರದ ಮಷಿನ್ ತರಿಸಿ ನುಣ್ಣಗೆ ಬೋಳಿಸಿಬಿಟ್ಟೆ. ಕನ್ನಡಿಯಲ್ಲಿ ನೋಡಿಕೊಂಡಿದ್ದರೆ ಅವಳು ನನ್ನನ್ನು ಮತ್ತೊಮ್ಮೆ ಕಚ್ಚುತ್ತಿದ್ದಳು. ಈ ಜಾತಿಗೆ ಎರಡು ಪದರ ಕೂದಲು. ಬೋಳಿಸಿದರೆ ಕೆಲವೊಮ್ಮೆ ಸರಿಯಾಗಿ ಮರಳಿ ಬರುವುದಿಲ್ಲ. ನಮ್ಮ ಚಿಕ್ಕಿಗೆ ಬೆನ್ನ ಮೇಲೆ ತೇಪೆ ತೇಪೆಯಾಗಿ ಬಂತು. ಚಳಿಗೆ ನಡುಗುವವಳಿಗೆ ಮಗಳ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಹಾಕಿದೆವು. ಈಗ ಪಾದ, ಹೊಟ್ಟೆ, ಬಾಲದ ಬುಡದಲ್ಲಿ ಮಾತ್ರ ಕತ್ತರಿಸುತ್ತೇವೆ. ಹೊರಗೆ ಹೋಗಿ ಬಂದಾಗಲೆಲ್ಲ ಟವೆಲ್‌ನಿಂದ ಒತ್ತಿ ಒರೆಸಿ, ಬಚ್ಚಲ ಒಲೆಯ ಹತ್ತಿರ ಗೋಣಿ ಹಾಸಿ ಕೂರಿಸುತ್ತೇವೆ. ಒದ್ದೆ ಬಟ್ಟೆ ಒಣಗುವ ಜಾಗದಲ್ಲೇ ಅವಳೂ ಒಣಗುತ್ತಾಳೆ.

ಆ ಹೊತ್ತಿನಲ್ಲೇ ಉಣ್ಣಿ ನೋಡುವುದು. ಕಿವಿಯ ಒಳಮಡಿಕೆ, ಕಂಕುಳು, ಬೆರಳುಗಳ ಸಂದಿ, ಕೊರಳಪಟ್ಟಿಯ ಕೆಳಗೆ. ಬೆರಳ ತುದಿಗೆ ಎಳ್ಳಿನಷ್ಟು ಗಂಟು ಸಿಕ್ಕಿದರೆ ಬಿಡಬೇಡಿ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ನಮ್ಮ ಅಜ್ಜಂದಿರ ಕಾಲಕ್ಕಾಯಿತು. ಉಣ್ಣಿಯಿಂದ ಬರುವ ಎರ್ಲಿಕಿಯ, ಬೆಬೀಸಿಯ ಎಂಬ ಜ್ವರಗಳು ನಾಯಿಯ ರಕ್ತವನ್ನೇ ಹಾಳುಮಾಡುತ್ತವೆ. ಊಟ ಬಿಟ್ಟರೆ, ಸುಸ್ತಾದರೆ ತುಟಿ ಎತ್ತಿ ವಸಡು ನೋಡಿ. ಬಿಳಿಚಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನಾಳೆ ನೋಡೋಣ ಅನ್ನಬೇಡಿ. ನಾನು ಅಂದಿದ್ದೆ. ಆರು ಕಿಲೋದ ದೇಹದಲ್ಲಿ ರಕ್ತ ಇರುವುದೇ ಎಷ್ಟು? ಮರುದಿನ ಅವಳಿಗೆ ಕತ್ತೆತ್ತಲು ಆಗಲಿಲ್ಲ. ಮೈಸೂರಿನವರೆಗೆ ಮಡಿಲಲ್ಲಿಟ್ಟುಕೊಂಡು ಹೋದೆ. ದಾರಿಯುದ್ದಕ್ಕೂ ಅವಳ ವಸಡು ನೋಡುತ್ತಿದ್ದೆ. ಉಣ್ಣಿ ತಡೆಯುವ ಔಷಧಿಯನ್ನು ತೂಕಕ್ಕೆ ತಕ್ಕಂತೆ ಡಾಕ್ಟರ್ ಹತ್ತಿರ ಬರೆಸಿಕೊಂಡು, ತಪ್ಪಿಸದೆ ಹಾಕಿ. ಲಸಿಕೆ ಹಾಕಿಸುವಾಗ ಇಲಿಜ್ವರದ್ದೂ ಸೇರಿದೆಯಾ ಎಂದು ಕೇಳಿ, ನೀರು ನಿಲ್ಲುವ ಊರಿದು.

ಜಿಗಣೆಗೆ ಅಷ್ಟು ಹೆದರಬೇಡಿ. ಕಾಲಿಗೆ ಹತ್ತಿದರೆ ಒಂದು ಚಿಟಿಕೆ ಉಪ್ಪು. ಆದರೆ ಹುಲ್ಲು ಮೂಸುವ ಮೂಗಿನೊಳಗೆ ಹೋಗಿಬಿಡುತ್ತದೆ. ಚಿಕ್ಕಿ ಎರಡು ದಿನ ಸೀನಿ ಸೀನಿ ಗೋಡೆಗೆಲ್ಲ ರಕ್ತ ಚಿಮ್ಮಿಸಿದಳು. ಪಕ್ಕದ ಮನೆಯ ಆಂಟಿ ಬಂದು, ಬಟ್ಟಲಲ್ಲಿ ತಣ್ಣೀರು ಇಟ್ಟು, "ಸುಮ್ಮನೆ ಇರಿ ಟೀಚರೇ, ನೀರು ಕಂಡ್ರೆ ಅದೇ ಬರ್ತದೆ" ಅಂದರು. ಹತ್ತು ನಿಮಿಷದಲ್ಲಿ ಮೂಗಿನ ತುದಿಯಲ್ಲಿ ಕಪ್ಪು ದಾರದಂಥದ್ದು ಇಣುಕಿತು. ಆಂಟಿ ಸೆರಗಿನ ಚುಂಗಿನಲ್ಲಿ ಹಿಡಿದು ಎಳೆದರು. ನಿಮಗೆ ಇಂಥ ಆಂಟಿ ಇಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಊಟದಲ್ಲಿ ನಮ್ಮವರು ಮಾಡುವ ತಪ್ಪು ಒಂದೇ, ಸಾರನ್ನ. ನಮ್ಮ ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದೇ ಇರುತ್ತದೆ, ಎರಡೂ ನಾಯಿಗೆ ವಿಷ. ಪಾಯಸದ ದ್ರಾಕ್ಷಿಯೂ ಅಷ್ಟೇ. ಹಬ್ಬಕ್ಕೆ ಅಕ್ಕಪಕ್ಕದವರು ಪ್ರೀತಿಯಿಂದ ಪಂದಿ ಕರಿಯ ಮೂಳೆ ಕೊಡುತ್ತಾರೆ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ, ಕೊಬ್ಬು ಹೊಟ್ಟೆ ಕೆಡಿಸುತ್ತದೆ. ನಗುತ್ತಾ ತಗೊಳ್ಳಿ, ಹಾಕಬೇಡಿ. ಇನ್ನು ಡಿಸೆಂಬರ್, ಜನವರಿಯಲ್ಲಿ ಕಣದ ತುಂಬಾ ಕಾಫಿ ಹಣ್ಣು. ಸಿಪ್ಪೆ ಸಿಹಿ ಅಂತ ನಾಯಿ ತಿನ್ನುತ್ತದೆ. ನಮಗೆ ಬೆಳಗಾಗುವುದೇ ಕೆಫೀನಿನಿಂದ, ಅದಕ್ಕೆ ಎದೆ ಹೊಡೆದುಕೊಂಡು ವಾಂತಿಯಾಗುತ್ತದೆ.

ಕತ್ತಲಾದ ಮೇಲೆ ಹೊರಗೆ ಕಟ್ಟಲೇಬೇಡಿ. ತೋಟದ ಅಂಚಿನ ಮನೆಗಳಿಗೆ ಚಿರತೆ ಬರುವುದು ನಾಯಿಗಾಗಿಯೇ. ಪುಟ್ಟ ನಾಯಿ ಅದಕ್ಕೆ ಒಂದು ತುತ್ತು. ತೋಟದೊಳಗೆ ಹಂದಿಗೆ ಒಡ್ಡಿದ ಉರುಳೂ ಇರಬಹುದು, ಹಗಲಲ್ಲೂ ಹಗ್ಗ ಬಿಚ್ಚಬೇಡಿ. ಹಗ್ಗ ಕೊರಳಿಗೆ ಬೇಡ, ಎದೆಪಟ್ಟಿಗೆ ಹಾಕಿ. ಪುಟ್ಟ ಜಾತಿಗಳ ಶ್ವಾಸನಾಳ ನಾಜೂಕು.

ಶಬ್ದದ ಬಗ್ಗೆ ಯಾರೂ ನನಗೆ ಮುಂಚೆ ಹೇಳಿರಲಿಲ್ಲ. ದಸರೆಯ ಕೊನೆಯ ರಾತ್ರಿ ದೇವರ ಹತ್ತು ಮಂಟಪಗಳ ಮೆರವಣಿಗೆ ಬೆಳಗಿನವರೆಗೆ ಸಾಗುತ್ತದೆ, ಕಿಟಕಿ ಗಾಜು ಅದುರುತ್ತದೆ. ಅದಾದ ಮೇಲೆ ಇಲ್ಲಿನ ಸುಗ್ಗಿ ಹಬ್ಬ ಹುತ್ತರಿ. ಹುಣ್ಣಿಮೆಯ ಬೆಳಕಲ್ಲಿ ಗದ್ದೆಗಿಳಿದು, ಕೋವಿಯ ಗುಂಡು ಹಾರಿಸಿ ಕದಿರು ಕೊಯ್ಯುತ್ತಾರೆ. "ಪೊಲಿ ಪೊಲಿಯೇ ದೇವಾ" ಎಂದು ಎಲ್ಲರ ಜೊತೆ ಮಗಳೂ ಕೂಗುತ್ತಿದ್ದಳು. ನಾವು ಚಿಕ್ಕಿಯನ್ನೂ ಕರೆದುಕೊಂಡು ಹೋಗಿದ್ದೆವು, ಎಂಥ ಬುದ್ಧಿ! ಮೊದಲ ಗುಂಡಿಗೇ ಹಗ್ಗ ಕಿತ್ತುಕೊಂಡು ಓಡಿದಳು. ಬೆಳಗಿನ ಜಾವದವರೆಗೆ ಹತ್ತು ಜನ ಟಾರ್ಚ್ ಹಿಡಿದು ಹುಡುಕಿದೆವು, ಕೊಡವ ತಕ್ಕ್‌ನಲ್ಲಿ ಒಬ್ಬರು, ಅರೆಭಾಷೆಯಲ್ಲಿ ಒಬ್ಬರು ಕರೆಯುತ್ತಾ. ಸಿಕ್ಕಿದ್ದು ದೇವರಕಾಡಿನ ಅಂಚಿನಲ್ಲಿ. ಇಲ್ಲಿನ ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಗೆ ಮಣ್ಣಿನ ನಾಯಿ ಒಪ್ಪಿಸುತ್ತಾರೆ. ಅಯ್ಯಪ್ಪ ಬೇಟೆಯ ದೇವರು. ಪಾಚಿ ಕಟ್ಟಿ, ಕಿವಿ ಮುರಿದ ಆ ಮಣ್ಣಿನ ನಾಯಿಗಳ ಸಾಲಿನ ಪಕ್ಕ ಚಿಕ್ಕಿ ಅಲುಗಾಡದೆ ಕೂತಿದ್ದಳು. ಟಾರ್ಚ್ ಬೆಳಕಲ್ಲಿ ಮೊದಲು ಅವಳೂ ಮಣ್ಣಿನದೇ ಅನ್ನಿಸಿತು. "ನಾಯಿಯನ್ನ ದೇವರಿಗೆ ಕೊಡ್ತಾರಾ ಅಮ್ಮ? ಅಜ್ಜಿ ಒಳಗೇ ಬಿಡಲ್ವಲ್ಲ?" ಎಂದು ಮಗಳು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಬೀದಿಯನ್ನೂ ಖಾಲಿ ಮಾಡಬೇಕಾಯಿತು. ಒಂದು ಕೈಯಲ್ಲಿ ಪತ್ರಗಳ ಚೀಲ, ಇನ್ನೊಂದರಲ್ಲಿ ಚಿಕ್ಕಿ. ಆಂಟಿ ನಮ್ಮನ್ನು ಗೋಣಿಕೊಪ್ಪದ ತಮ್ಮ ತಂಗಿಯ ಮನೆಗೆ ಕರೆದೊಯ್ದರು. ನಾಯಿ ಹೊರಗಿರಲಿ ಅಂತ ನಾನೇ ಅಂದೆ, ನಮ್ಮೂರ ನಾಲಿಗೆ. ಆ ಮನೆಯವರು ಒಳಗೆ ಚಾಪೆ ಹಾಸಿದರು. ನೀವೂ ಲಸಿಕೆ ಪುಸ್ತಕವನ್ನು ಮನೆಪತ್ರಗಳ ಜೊತೆಯೇ ಇಡಿ.

ಮಗಳು ಈಗ ಬೆಂಗಳೂರಲ್ಲಿದ್ದಾಳೆ. ಗೆಳತಿಯರ ಜೊತೆ ಕೊಡವ ತಕ್ಕ್ ಆಡುತ್ತಾಳೆ. ಚಳ್ಳಕೆರೆಯ ಅಜ್ಜಿ ಫೋನ್ ಮಾಡಿದರೆ ಅರ್ಧ ಮಾತು ಅವಳಿಗೆ ಹಿಡಿಯುವುದಿಲ್ಲ, ನಾನು ನಡುವೆ ನಿಂತು ಬಿಡಿಸಿ ಹೇಳುತ್ತೇನೆ. ಕನ್ನಡದಿಂದ ಕನ್ನಡಕ್ಕೆ. ಅದು ಚುಚ್ಚುತ್ತದೆ, ಸುಳ್ಳು ಯಾಕೆ ಹೇಳಲಿ.

ಚಿಕ್ಕಿಗೆ ವಯಸ್ಸಾಗಿದೆ. ಎಡಗಣ್ಣಿಗೆ ಪೊರೆ, ಕಿವಿ ಈಗ ನಿಜವಾಗಿಯೂ ಮಂದ. ಮೀನಿನವರ ಬದಲು ಅವರ ಮಗ ಸ್ಕೂಟರ್ ತರುತ್ತಾನೆ. ಹಾರ್ನ್ ಅವಳಿಗೆ ಕೇಳಿಸುವುದಿಲ್ಲ. ನಾನೇ ಬಾಗಿಲ ಬಳಿ ಬಗ್ಗಿ, ಗಟ್ಟಿಯಾಗಿ "ಇವಿಡೆ ವಾ ಮೋಳೇ" ಅನ್ನುತ್ತೇನೆ. ನನ್ನ ಮಲಯಾಳ ಕೇಳಿ ಆ ಹುಡುಗ ಕಿಸಕ್ಕನೆ ನಗುತ್ತಾನೆ. ಚಿಕ್ಕಿ ಮಾತ್ರ ನಗುವುದಿಲ್ಲ, ಗೋಡೆಗೆ ಮೈ ಸವರಿಕೊಂಡು ಮೆಲ್ಲಗೆ ಎದ್ದು ಬರುತ್ತಾಳೆ.