ಹಳೇ ಕೂಲಂಟ್ ಅಂದ್ರೆ ಹೆಪ್ಪು

ಪೀಣ್ಯದ ನಮ್ಮ ಶಾಪ್‌ನಲ್ಲಿ ಆಯುಧಪೂಜೆ ಸ್ವಲ್ಪ ಜೋರು. ಆ ವರ್ಷವೂ ಮಷಿನ್‌ಗಳನ್ನೆಲ್ಲ ಒರೆಸಿ, ಕುಂಕುಮ ಇಟ್ಟು, ಬೂದುಗುಂಬಳಕಾಯಿ ಒಡೆದು ಬೀಗ ಹಾಕಿದೆವು. ನಾಲ್ಕು ದಿನ ಬಿಟ್ಟು ಶಟರ್ ಎತ್ತಿದರೆ ಕೊಳೆತ ಮೊಟ್ಟೆಯ ವಾಸನೆ. ಬಾಡಿದ ಚೆಂಡುಹೂವಿನ ಹಾರದ ಹಿಂದೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕಡೆಯುವ ಸಿಎನ್‌ಸಿ ಲೇಥ್ ಥಳಥಳ ಅನ್ನುತ್ತಿತ್ತು. ಕೂಲಂಟ್ ಟ್ಯಾಂಕ್ ಕಡೆ ಮಾತ್ರ ಯಾರೂ ತಿರುಗಿ ನೋಡಿರಲಿಲ್ಲ. ಕೂಲಂಟ್ ಅಂದ್ರೆ ಲೋಹ ಕಡೆಯುವಾಗ ಬಿಸಿ ಏರದಿರಲಿ ಅಂತ ಸುರಿಯುವ, ನೀರಿಗೆ ಎಣ್ಣೆ ಬೆರೆಸಿದ ಹಾಲಿನಂಥ ದ್ರವ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಹಳೆಯ 200 ಲೀಟರ್ ಖಾಲಿ ಮಾಡಿಸಿ ಹೊಸದು ತುಂಬಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ನಾತ. ಎಣ್ಣೆಯೇ ಸರಿಯಿಲ್ಲ ಅಂತ ಬ್ರ್ಯಾಂಡ್ ಬದಲಾಯಿಸಿದೆ. ಅದೂ ಅಷ್ಟೇ. ಆಪರೇಟರ್ ಒಬ್ಬರ ಕೈ ತುರಿಸಿ ಕೆಂಪಾಗಲು ಶುರುವಾದ ಮೇಲೆ ನನಗೆ ಬುದ್ಧಿ ಬಂತು.

ಒಂದು ಗಾಜಿನ ಬಾಟಲಿಗೆ ಟ್ಯಾಂಕಿನ ಕೂಲಂಟ್ ತುಂಬಿ ರಾತ್ರಿ ಕಿಟಕಿ ಮೇಲೆ ಇಟ್ಟೆ. ಬೆಳಗ್ಗೆ ನೋಡಿದರೆ ಮೇಲೆ ಬೆರಳು ದಪ್ಪ ಹಳದಿ ಎಣ್ಣೆ, ನಡುವೆ ಮಾಸಲು ಹಾಲು, ತಳದಲ್ಲಿ ಕಪ್ಪು ಕೆಸರು. ಆ ಹಳದಿ ಎಣ್ಣೆ ಕೂಲಂಟಿನದ್ದಲ್ಲ. ಮಷಿನ್‌ನ ಭಾಗಗಳು ಜಾರುವ ಹಳಿಗೆ, ಅಂದ್ರೆ ಗೈಡ್‌ವೇಗೆ, ಹಾಕುವ 68ನೇ ಗ್ರೇಡ್ ಎಣ್ಣೆ ಸೋರಿ ಟ್ಯಾಂಕ್ ಸೇರಿತ್ತು. ಅದು ಮೇಲೆ ಮುಚ್ಚಳದ ಹಾಗೆ ಕೂತರೆ ಕೆಳಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗೆ ಅದೇ ಬೇಕು. ಮೊಟ್ಟೆ ವಾಸನೆ ಬಿಡುವುದು ಅವೇ. ಅದಕ್ಕೇ ಮಷಿನ್ ಓಡುವ ದಿನ ಅಷ್ಟಾಗಿ ಗೊತ್ತಾಗದ ನಾತ ರಜೆ ಮುಗಿಸಿ ಬಂದ ದಿನ ಮೂಗಿಗೆ ಹೊಡೆಯುತ್ತದೆ.

ಹೊಸ ಕೂಲಂಟ್ ಯಾಕೆ ಕೆಡುತ್ತಿತ್ತು ಅಂತ ಆಮೇಲೆ ಹೊಳೆಯಿತು. ಕಾದಾರಿದ ಹಾಲಿಗೆ ಒಂದು ಚಮಚ ಹೆಪ್ಪು ಸಾಕು, ಅಲ್ವಾ? ನಾವು ಟ್ಯಾಂಕಿನ ಮೂಲೆಯಲ್ಲಿ ಹಳೇ ಕೂಲಂಟ್ ಅನ್ನೋ ಹೆಪ್ಪನ್ನು ಬಕೆಟ್‌ಗಟ್ಟಲೆ ಉಳಿಸಿಕೊಂಡೇ ಹೊಸದು ಸುರಿಯುತ್ತಿದ್ದೆವು.

ಈ ಸಲ ಹಳೇ ಕೂಲಂಟ್‌ಗೇ ಸಿಸ್ಟಮ್ ಕ್ಲೀನರ್ ಅನ್ನೋ ತೊಳೆಯುವ ದ್ರಾವಣ ಬೆರೆಸಿ ಒಂದು ಪೂರ್ತಿ ದಿನ ಪಂಪ್ ಓಡಿಸಿದೆವು. ಆಮೇಲೆ ಖಾಲಿ ಮಾಡಿ, ಲೋಹದ ಚೂರು ಸಾಗಿಸುವ ಚಿಪ್ ಕನ್ವೇಯರ್ ಹೊರಗೆ ಎಳೆದೆವು. ಅದರ ಕೆಳಗಿದ್ದ ಎರಕದ ಕಬ್ಬಿಣದ ಪುಡಿ ಗಟ್ಟಿಯಾಗಿ ಕೂತಿತ್ತು, ಗಾರೆ ಕರಣೆಯಲ್ಲಿ ಕೆರೆಯಬೇಕಾಯಿತು. ಅದರ ಜೊತೆ ಗುಟ್ಕಾ ಪ್ಯಾಕೆಟ್, ಟೀ ಕಪ್ ಕೂಡ ಸಿಕ್ಕವು. ಯಾರದ್ದು ಅಂತ ಕೇಳಲಿಲ್ಲ, ಕೇಳಿದರೆ ಯಾರೂ ಹೇಳುವುದೂ ಇಲ್ಲ. ಪೈಪ್‌ಗಳನ್ನೂ ತೊಳೆದು, ತೊಳೆದ ನೀರನ್ನೂ ತೆಗೆದು ಆಮೇಲೆ ಹೊಸದು ತುಂಬಿದೆವು. ಹಳೆಯದನ್ನು ಮೋರಿಗೆ ಬಿಡುವ ಹಾಗಿಲ್ಲ. ಡ್ರಮ್‌ನಲ್ಲಿ ತುಂಬಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೇ ಕೊಡಬೇಕು.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರು ಗಡಸು, ಎಣ್ಣೆ ಹಾಕಿದರೆ ಒಡೆದ ಹಾಲಿನ ಹಾಗೆ ಆಗುತ್ತಿತ್ತು. ಬಿಸಿಲಿಗೆ ನೀರು ಆವಿಯಾದರೂ ಉಪ್ಪು ಟ್ಯಾಂಕಲ್ಲೇ ಉಳಿಯುತ್ತದೆ, ಟಾಪ್‌ಅಪ್ ಮಾಡಿದಷ್ಟೂ ಜಾಸ್ತಿಯಾಗುತ್ತದೆ. ಈಗ ಆರ್‌ಒ ನೀರು ಬಳಸುತ್ತೇವೆ. ಬರೀ ಆರ್‌ಒ ಹಾಕಿದಾಗ ನೊರೆ ಬಂತು, ಅದಕ್ಕೆ ಮೊದಲ ಸಲ ತುಂಬುವಾಗ ಸ್ವಲ್ಪ ಬೋರ್ ನೀರು ಸೇರಿಸುತ್ತೇವೆ. ಬೆರೆಸುವಾಗ ಮೊದಲು ನೀರು, ಆಮೇಲೆ ಕಲಕುತ್ತಾ ಎಣ್ಣೆ. ಉಲ್ಟಾ ಮಾಡಿದರೆ ಗಂಟು ಗಂಟಾಗುತ್ತದೆ.

ಲೆವೆಲ್ ಇಳಿದಾಗ ಸುಮ್ನೆ ನೀರು ಸುರಿಯುವ ಚಟ ಬಿಡಿಸುವುದೇ ಕಷ್ಟವಾಯಿತು. ಕೂಲಂಟ್ ಎಷ್ಟು ಗಟ್ಟಿ ಅಂತ ತೋರಿಸುವ ರಿಫ್ರಾಕ್ಟೋಮೀಟರ್ ಕೊಂಡು ಮೊದಲ ದಿನ ನೋಡಿದರೆ ರೀಡಿಂಗ್ 2. ನಮ್ಮ ಎಣ್ಣೆಗೆ ರೀಡಿಂಗನ್ನು ಗುಣಿಸಬೇಕಾದ ಫ್ಯಾಕ್ಟರ್ 1.5, ಅಂದರೆ ಕೂಲಂಟ್‌ನಲ್ಲಿ ಎಣ್ಣೆ ಬರೀ 3 ಪರ್ಸೆಂಟ್. ಅಷ್ಟು ತೆಳುವಾದರೆ ತುಕ್ಕೂ ಬರುತ್ತದೆ, ಬ್ಯಾಕ್ಟೀರಿಯಾಗೂ ಹಬ್ಬ. ಈಗ 4ರಿಂದ 5 ರೀಡಿಂಗ್‌ನಲ್ಲಿ ಇಡುತ್ತೇವೆ, ಟಾಪ್‌ಅಪ್‌ಗೂ ತೆಳುವಾಗಿ ಬೆರೆಸಿದ್ದನ್ನೇ ಹಾಕುತ್ತೇವೆ. ವಾರಕ್ಕೊಮ್ಮೆ ಪಿಎಚ್ ಪಟ್ಟಿ ಅದ್ದಿ ನೋಡುತ್ತೇವೆ. 9ರ ಆಸುಪಾಸು ಇದ್ದರೆ ಚಿಂತೆಯಿಲ್ಲ. 8.5ಕ್ಕಿಂತ ಇಳಿದರೆ ವಾಸನೆ ಬರುವ ಮೊದಲೇ ಎಚ್ಚರವಾಗುತ್ತೇವೆ.

ಮೇಲಿನ ಎಣ್ಣೆ ತೆಗೆಯಲು ಬೆಲ್ಟ್ ಸ್ಕಿಮ್ಮರ್ ಹಾಕಿದೆವು. ಬೆಳಗ್ಗೆ ಪಂಪ್ ಹಾಕುವ ಮುಂಚೆ ಓಡಿಸುವುದು ಒಳ್ಳೆಯದು, ಎಣ್ಣೆ ಆಗ ಮೇಲೇ ತೇಲುತ್ತಿರುತ್ತದೆ. ಭಾನುವಾರ ನಿಂತ ಕೂಲಂಟ್‌ಗೆ ಗಾಳಿ ಊದಲು ಮೀನಿನ ತೊಟ್ಟಿಯ ಏರ್ ಪಂಪ್. ಎಲ್ಲರೂ ನಕ್ಕರು, ಆದರೆ ಸೋಮವಾರದ ನಾತ ನಿಂತಿದೆ. ಎರಡು ತಿಂಗಳೂ ಬಾಳದಿದ್ದ ಕೂಲಂಟ್ ಈ ಸಲ ಎಂಟು ತಿಂಗಳು ದಾಟಿದೆ.

ಎರಕದ ಕಬ್ಬಿಣದ ಜಾಬ್ ಬಂದ ವಾರ ಮಾತ್ರ ಈಗಲೂ ಟ್ಯಾಂಕ್ ಕಪ್ಪಾಗುತ್ತದೆ. ಕಬ್ಬಿಣದ ಪುಡಿಯನ್ನು ಆಯಸ್ಕಾಂತದಿಂದ ಹಿಡಿಯುವ ಮ್ಯಾಗ್ನೆಟಿಕ್ ಸೆಪರೇಟರ್ ಸದ್ಯಕ್ಕೆ ನಮ್ಮ ಕೈಗೆ ಎಟುಕುವುದಿಲ್ಲ. ಹಳೇ ಸ್ಪೀಕರ್‌ನ ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಕೂಲಂಟ್ ವಾಪಸ್ ಬೀಳುವ ಜಾಗದಲ್ಲಿ ತೂಗುಹಾಕಿದ್ದೇವೆ. ಸಂಜೆ ಕವರ್ ಕಳಚಿದರೆ ಒಂದು ಹಿಡಿ ಪುಡಿ ಉದುರುತ್ತದೆ.