ವಾರಂಟ್ ಇಲ್ಲದೆ ಶೋಧಕ್ಕೆ ಬಂದರೆ: ಮಹಜರಿಗೆ ಸಹಿ ಹಾಕುವ ಮುನ್ನ

‘ವಾರಂಟ್ ಇಲ್ಲದೆ ಪೊಲೀಸರು ಹೊಸ್ತಿಲು ದಾಟುವಂತಿಲ್ಲ’ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಮೊದಲು ಅಳಿಸಿಹಾಕಿ. ಅದನ್ನು ನಂಬಿ ಬಾಗಿಲಿಗೆ ಅಡ್ಡ ನಿಂತವರು ಕರ್ತವ್ಯಕ್ಕೆ ಅಡ್ಡಿಪಡಿಸಿದ ಕೇಸನ್ನೂ ಮೈಮೇಲೆ ಎಳೆದುಕೊಳ್ಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 185ನೇ ಸೆಕ್ಷನ್ ಇಂಥ ಶೋಧಕ್ಕೆ ಅವಕಾಶ ಕೊಟ್ಟಿದೆ, ಷರತ್ತುಗಳೊಂದಿಗೆ.

1. ಬಾಗಿಲಲ್ಲೇ ಕೇಳಿ: ಯಾವ ಠಾಣೆ, ಕ್ರೈಂ ನಂಬರ್ (ಎಫ್‌ಐಆರ್ ಸಂಖ್ಯೆ) ಎಷ್ಟು, ಏನನ್ನು ಹುಡುಕುತ್ತಿದ್ದೀರಿ ಸರ್? ಶೋಧಕ್ಕೆ ಕಾರಣವೇನು, ಹುಡುಕುವ ವಸ್ತು ಯಾವುದು ಎಂಬುದನ್ನು ಅಧಿಕಾರಿ ಕೇಸ್ ಡೈರಿಯಲ್ಲಿ (ತನಿಖೆಯ ದಿನಚರಿ) ಮೊದಲೇ ಬರೆದಿರಬೇಕು. ಡೈರಿ ತೋರಿಸಿ ಎಂದು ಹಟ ಹಿಡಿಯಬೇಡಿ, ಪ್ರತಿ ಪಡೆಯುವ ದಾರಿ ಬೇರೆ ಇದೆ (6ನೇ ಅಂಶ ನೋಡಿ). ತನಿಖಾಧಿಕಾರಿ ತಾವು ಬಾರದೆ ಕೈಕೆಳಗಿನವರನ್ನು ಕಳಿಸಿದ್ದರೆ ಲಿಖಿತ ಆದೇಶ ಬೇಕೇ ಬೇಕು.

2. ಶೋಧದಿಂದ ಹಿಡಿದು ಪಂಚರ (ಶೋಧಕ್ಕೆ ಸಾಕ್ಷಿಯಾಗುವವರ) ಸಹಿಯವರೆಗೆ ಎಲ್ಲವನ್ನೂ ಪೊಲೀಸರು ವಿಡಿಯೊ ಮಾಡಬೇಕು. ನಿಮ್ಮ ಸಿಸಿಟಿವಿ ದೃಶ್ಯವನ್ನೂ ಅಂದೇ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ, ಸಿಸಿಟಿವಿ ರೆಕಾರ್ಡರ್ (ಡಿವಿಆರ್) ಹಳೆಯದನ್ನು ತಾನಾಗಿ ಅಳಿಸುತ್ತದೆ.

3. ಹೆಣ್ಣುಮಕ್ಕಳ ಮೈತಪಾಸಣೆ ಮಹಿಳೆಯೇ ಮಾಡಬೇಕು.

4. ಮಹಜರು, ಅಂದರೆ ಶೋಧದಲ್ಲಿ ನಡೆದದ್ದನ್ನೂ ಸಿಕ್ಕಿದ್ದನ್ನೂ ಪಂಚರ ಎದುರು ಬರೆದಿಡುವ ದಾಖಲೆ. ಬಹುತೇಕರು ಎಡವುವುದು ಇಲ್ಲೇ. ಕನಿಷ್ಠ ಇಬ್ಬರು ಪಂಚರು ಬೇಕು, ಅವರು ಅದೇ ಬಡಾವಣೆಯ ಸ್ವತಂತ್ರ ವ್ಯಕ್ತಿಗಳಾಗಿರಬೇಕು. ಸ್ಥಳೀಯರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಮಾತ್ರ ಬೇರೆ ಕಡೆಯವರು. ಪಂಚರು ಜೀಪಿನಲ್ಲೇ ಬಂದಿಳಿದರೆ ಪಕ್ಕದ ಫ್ಲ್ಯಾಟಿನವರನ್ನು ಕರೆಯುವಂತೆ ಕ್ಯಾಮೆರಾ ಮುಂದೆಯೇ ಕೇಳಿ. ಶೋಧ ನಡೆಯುವಾಗ ಮನೆಯವರು ಹಾಜರಿರಬಹುದು. ಒಬ್ಬರಾದರೂ ಕೋಣೆಯಿಂದ ಕೋಣೆಗೆ ಜೊತೆಗೇ ಹೋಗಿ.

‘ಒಂದು ಮೊಬೈಲ್, ಸ್ವಲ್ಪ ನಗದು’ ಎಂದು ಬರೆದರೆ ಒಪ್ಪಬೇಡಿ. ಕಂಪನಿ, ಬಣ್ಣ, ಐಎಂಇಐ ನಂಬರ್ ಇರಲಿ. 500ರ ನೋಟು ಎಷ್ಟು, 200ರದ್ದು ಎಷ್ಟು ಎಂದು ಬಿಡಿಸಿ ಬರೆಯಲಿ. ವಸ್ತು ಸಿಕ್ಕ ಜಾಗವೂ ಇರಲಿ: ಬೀರುವೋ, ಸ್ಕೂಟರ್ ಡಿಕ್ಕಿಯೋ. ಶುರುವಾದ, ಮುಗಿದ ಸಮಯ ನಮೂದಾಗಲಿ. ಖಾಲಿ ಬಿಟ್ಟ ಸಾಲಿಗೆ ಅಡ್ಡಗೆರೆ ಎಳೆಸಿ. ‘ಸಹಿ ಹಾಕಿ, ಠಾಣೆಯಲ್ಲಿ ಟೈಪ್ ಮಾಡಿಸ್ತೀವಿ’ ಎಂದರೆ ಬೇಡವೇ ಬೇಡ. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಕಾನೂನು ಕೇಳುವುದು ಪಂಚರ ಸಹಿಯನ್ನು. ನೀವು ಹಾಕುವುದಾದರೆ ಪೂರ್ತಿ ಓದಿ, ತಕರಾರಿದ್ದರೆ ಸಹಿಯ ಮೇಲೆ ಬರೆದು ಹಾಕಿ. ಪಂಚರು ಸಹಿ ಮಾಡಿದ ಪ್ರತಿ ನಿಮಗೆ ಸಿಗಬೇಕು.

ಇಷ್ಟು ರಗಳೆ ಯಾಕೆಂದರೆ, ಶೋಧ ಅಕ್ರಮ ಎಂದ ಮಾತ್ರಕ್ಕೆ ಸಿಕ್ಕ ವಸ್ತುವನ್ನು ಕೋರ್ಟ್ ತಳ್ಳಿಹಾಕುವುದಿಲ್ಲ. ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಮುಂದೆ ಪಾಟೀಸವಾಲಿನಲ್ಲಿ ವಕೀಲರ ಕೈಗೆ ಸಿಗುವುದು ಮಹಜರಿನ ಲೋಪಗಳು.

5. ರಾತ್ರಿ ನಾಕಾಬಂದಿಯಲ್ಲಿ ಫೋನ್ ಅನ್‌ಲಾಕ್ ಮಾಡಿ ಚಾಟ್ ತೋರಿಸು ಎಂದರೆ ವಿನಯದಿಂದಲೇ ಒಪ್ಪಿಗೆ ಇಲ್ಲ ಎನ್ನಿ. ಫೋನಿನ ಒಳಗೆ ಹುಡುಕಲು ವಾರಂಟ್ ಬೇಕು, ತುರ್ತಿದ್ದರೆ ಕಾರಣವನ್ನು ಬರೆದಿಡಬೇಕು ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ಮಾದಕವಸ್ತು ಶಂಕೆಯ ಮೈತಪಾಸಣೆಯಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ಆಗಲಿ ಎನ್ನುವ ಹಕ್ಕಿದೆ. ಕೈಯಲ್ಲಿರುವ ಬ್ಯಾಗಿಗೆ ಅದು ಅನ್ವಯಿಸದು.

6. ಡೈರಿಯಲ್ಲಿ ಬರೆದ ಕಾರಣಗಳ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಕ್ರೈಂ ನಂಬರ್ ಹಾಕಿ ಅಲ್ಲಿ ಅರ್ಜಿ ಕೊಟ್ಟರೆ ಮನೆಯ ಮಾಲೀಕರಿಗೂ ಬಾಡಿಗೆದಾರರಿಗೂ ಅದು ಉಚಿತವಾಗಿ ಸಿಗುತ್ತದೆ. ಮೂರನೇ ದಿನವೇ ಅರ್ಜಿ ಹಾಕಿಬಿಡಿ.